ಸಾಕಷ್ಟು ಬೆಳಕಿತ್ತೆಂದು ಬರೆದ ಸಾಹೇಬರಿಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನನ್ನ ಗಾಡಿಯ ಡ್ರೈವರ್ ಮಾಳೇಶನಿಗೆ ನಿಮ್ಮ ಕಚೇರಿಯಿಂದ ಬಂದ ನೋಟೀಸು ಈಗ ನನ್ನ ಅಂಗಡಿಯ ಗಲ್ಲೆಯ ಮೇಲೆ, ತೂಕದ ಕಲ್ಲಿನ ಕೆಳಗೆ ಇದೆ. ಫ್ಯಾನಿನ ಗಾಳಿಗೆ ಹಾರಬಾರದೆಂದು ಕಲ್ಲು ಇಟ್ಟಿದ್ದೇನೆ. ಅದರೊಳಗಿನ ಒಂದು ವಾಕ್ಯ ಮಾತ್ರ ಆ ಕಲ್ಲಿಗಿಂತ ಭಾರವಾಗಿದೆ. "ರಸ್ತೆಯ ಮೇಲೆ ಸಾಕಷ್ಟು ಬೆಳಕಿದ್ದಾಗ್ಯೂ ಸದರಿ ಚಾಲಕನು ನಿಷ್ಕಾಳಜಿಯಿಂದ ವಾಹನ ಚಲಾಯಿಸಿ, ರಸ್ತೆ ದಾಟುತ್ತಿದ್ದ ಕುರಿಗಾರನಿಗೂ ಆತನ ಕುರಿಗಳಿಗೂ ಡಿಕ್ಕಿ ಹೊಡೆದಿರುತ್ತಾನೆ." ಆದ್ದರಿಂದ ಅವನ ಲೈಸೆನ್ಸನ್ನು ಏಕೆ ಅಮಾನತು ಮಾಡಬಾರದು ಎಂಬುದಕ್ಕೆ ಬರುವ ಸೋಮವಾರ ಖುದ್ದು ಹಾಜರಾಗಿ ಕಾರಣ ತಿಳಿಸಬೇಕಂತೆ. ಮಾಳೇಶ ಕಾರಣ ತಿಳಿಸುವ ಸ್ಥಿತಿಯಲ್ಲಿಲ್ಲ. ಆ ಸಂಜೆಯಿಂದ ಅವನು ಗಾಡಿಯ ಕೀಲಿಯನ್ನೂ ಮುಟ್ಟಿಲ್ಲ, ಯಾರ ಜೊತೆಗೂ ನೆಟ್ಟಗೆ ಮಾತಾಡಿಲ್ಲ. ಆದ್ದರಿಂದ ಅವನ ಮಾಲೀಕನಾದ ನಾನು, ಐನಾಪುರದಲ್ಲಿ ಹಿಂಡಿ, ಬೂಸಾ ಮಾರುವ ಲಗಮಣ್ಣ, ನಾಲ್ಕು ಮಂದಿ ಓದುವ ಹಾಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕಚೇರಿಗೆ ಬಂದು ಬಾಯಿಂದ ಹೇಳಬಹುದಿತ್ತು. ಬಾಯಿಂದ ಹೇಳಿದ್ದಕ್ಕೆ ನಿಮ್ಮಲ್ಲಿ ಆವಕ ನಂಬರ್ ಬೀಳುವುದಿಲ್ಲ.

ಸಾಹೇಬರೇ, ನಾನು ತೂಗಿ ಬದುಕುವ ಮನುಷ್ಯ. ನನ್ನ ಅಂಗಡಿಯಲ್ಲಿ ಎಲ್ಲ ಅಳತೆಯ ಕಲ್ಲುಗಳಿವೆ, 'ಸಾಕಷ್ಟು' ಎಂಬ ಕಲ್ಲು ಮಾತ್ರ ಇಲ್ಲ. ಗಿರಾಕಿ ಬಂದು "ಹಿಂಡಿ ಸಾಕಷ್ಟ ಕೊಡ್ರಿ" ಅಂದರೆ ನಾನು ಮೊದಲು ಕೇಳುವುದು, "ಯಾರಿಗೆ? ಹಿಂಡೋ ಎಮ್ಮಿಗೋ, ಗೊಡ್ಡ ಎಮ್ಮಿಗೋ?" ಅಂತ. ನಿಮ್ಮ ನೋಟೀಸಿಗೂ ಅದೇ ಪ್ರಶ್ನೆ ಕೇಳುತ್ತೇನೆ. ಬೆಳಕು ಸಾಕಷ್ಟಿತ್ತು ಅಂದಿರಲ್ಲ, ಯಾರಿಗೆ? ಬೆಳಕಿನ ಹಿಂದೆ ಕೂತು ಬರುತ್ತಿದ್ದವನಿಗೋ, ಅದರ ಮುಂದೆ ಸಿಕ್ಕವನಿಗೋ? ಬೇರೆಯವರ ಚೀಲ ಹೊತ್ತು ಹೊತ್ತು ಒಂದು ದಿನ ಸ್ವಂತದ ಅಂಗಡಿ ತೆರೆದವನು ನಾನು. ಆ ದುಡಿಮೆ ಕಲಿಸಿದ್ದು ಇಷ್ಟೇ: ಯಾವ ವ್ಯವಹಾರಕ್ಕೂ ಎರಡು ಕಡೆ ಇರುತ್ತವೆ. ಒಬ್ಬನ ಕಡೆ ಜಮೆ ಬಿತ್ತೆಂದರೆ ಇನ್ನೊಬ್ಬನ ಕಡೆ ಖರ್ಚು ಬಿದ್ದಿರಲೇಬೇಕು. ಎರಡೂ ಕಡೆ ನೋಡದೆ ಸಹಿ ಹಾಕುವವನಿಗೆ ನಾನು ಅಂಗಡಿಯಲ್ಲಿ ಕೆಲಸ ಕೊಡುವುದಿಲ್ಲ. ಸರಕಾರ ಕೊಡುತ್ತದೆ, ಅದು ಸರಕಾರದ ದೊಡ್ಡತನ.

ನಡೆದದ್ದನ್ನು ಹೇಳುತ್ತೇನೆ. ಐನಾಪುರದಿಂದ ಜುಗೂಳದ ಕಡೆ ಹೋಗುವ ರಸ್ತೆ ನಿಮಗೆ ಗೊತ್ತಿರಬೇಕು. ಎರಡೂ ಬದಿಗೆ ಆಳೆತ್ತರದ ಕಬ್ಬು, ನಡುವೆ ಒಂದು ಮೋರಿ, ಮೋರಿಯ ಮೇಲೆ ರಸ್ತೆ ಉಬ್ಬಿ ಒಡೆದಿದೆ. ಈಗ ಕಬ್ಬಿನ ಕಟಾವು ನಡೆದಿರುವುದರಿಂದ ಖಾಲಿಯಾದ ಹೊಲಗಳಲ್ಲಿ ಕುರಿ ತರುಬುತ್ತಾರೆ. ಹಿಂಡು ಬೆಳತನಕ ಒಂದು ಹೊಲದಲ್ಲಿ ಮಲಗಿದರೆ ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಕಾಳುಕಡಿ. ಹೀಗಾಗಿ ಹೊತ್ತು ಮುಳುಗಿದ ಕೂಡಲೆ ಹಿಂಡುಗಳು ಈ ರಸ್ತೆ ದಾಟುತ್ತವೆ. ದಾಟಿಸುವುದಕ್ಕೆ ಇಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಯಾವ ನಿಯಮದ ಪುಸ್ತಕದಲ್ಲೂ ಅದು ಸಿಗಲಿಕ್ಕಿಲ್ಲ. ಕುರಿಯವನು ಬಡಿಗೆಯ ತುದಿಗೆ ಕಂಬಳಿ ಹಾಕಿ ಎತ್ತಿ ಹಿಡಿಯುತ್ತಾನೆ. ಬರುವ ಗಾಡಿಯವನು ಒಂದು ಸಲ ಡಿಪ್ಪರ್ ಹೊಡೆದು ದೀಪ ತಗ್ಗಿಸುತ್ತಾನೆ. ಅಂದರೆ 'ನೋಡೇನಿ, ದಾಟಿಸು.' ಬೇರೆ ಕಡೆ ಡಿಪ್ಪರ್ ಅಂದರೆ 'ನಾ ಬರಾಕತ್ತೇನಿ, ಸರಿ' ಎಂಬ ಗದರಿಕೆ. ನಮ್ಮ ಈ ಕೃಷ್ಣಾ ದಂಡೆಯ ರಸ್ತೆಯಲ್ಲಿ ಅದು ಕೊಟ್ಟ ಮಾತು. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರಿನವರಿಂದ ಹಿಡಿದು ಹಾಲಿನ ಗಾಡಿಯವರವರೆಗೆ ಎಲ್ಲರೂ ಈ ಮಾತು ನಡೆಸಿಕೊಂಡು ಬಂದಿದ್ದಾರೆ.

ಆ ಸಂಜೆ ಗಂಗಾರಾಮ ಬಡಿಗೆ ಎತ್ತಿದ. ಗಂಗಾರಾಮ ಅಂದರೆ ಈ ಭಾಗದ ಹಳೆಯ ಕುರಿಗಾರ, ಮಾಳೇಶನಿಗೆ ತಾಯಿಯ ತಮ್ಮ, ಸ್ವಂತ ಸೋದರಮಾವ. ಜುಗೂಳದ ಕಡೆಯಿಂದ ಒಂದು ಕಾರು ಬರುತ್ತಿತ್ತು, ಹಾಲಿನಂಥ ಬಿಳಿ ದೀಪ. ಐನಾಪುರದ ಕಡೆಯಿಂದ ಮಾಳೇಶ ನನ್ನ ಹಿಂಡಿಯ ಗಾಡಿ ತರುತ್ತಿದ್ದ. ಮೋರಿಯ ಮೇಲೆ ಬಂದಾಗ ಕಾರಿನ ದೀಪ ಒಮ್ಮೆ ಮಿಟುಕಿತು. ಗಂಗಾರಾಮ ಕುರಿ ಬಿಟ್ಟ. ಅದೇ ಗಳಿಗೆಗೆ ಆ ಬಿಳಿ ಬೆಳಕು ಮಾಳೇಶನ ಕಣ್ಣಿಗೆ ಪೂರ್ತಿ ಬಿತ್ತು. ಕಣ್ಣು ಕಟ್ಟಿದಾಗ ಯಾರಾದರೂ ಮಾಡುವ ಹಾಗೆ ಅವನು ಗಾಡಿಯನ್ನು ಎಡಕ್ಕೆ ಎಳೆದ. ಎಡಕ್ಕೆ ಅವನ ಮಾವ ನಿಂತಿದ್ದ. ಕಾರು ನಿಲ್ಲಲಿಲ್ಲ, ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಗಂಗಾರಾಮನ ಒಂದು ಕಾಲು ತೊಡೆಯ ಹತ್ತಿರ ಮುರಿದಿದೆ. ಕುರಿ ಎಷ್ಟು ಹೋದವು ಎಂದು ಅವನ ಮನೆಯವರು ಎಣಿಸಿ ಹೇಳಲಿಲ್ಲ, ಎಣಿಸುವ ಚಟ ಇರುವ ನಾನೂ ಕೇಳಲಿಲ್ಲ.

ಮಾಳೇಶ ಬ್ರೇಕ್ ಒತ್ತಿ ನಿಲ್ಲಿಸಬೇಕಿತ್ತು ಎನ್ನುತ್ತೀರಿ. ಒಪ್ಪೋಣ. ಅವನ ಬೆನ್ನಿಗೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಒಂದು ಟ್ರಾಕ್ಟರ್ ಬರುತ್ತಿತ್ತು. ಅದಕ್ಕೆ ಬ್ರೇಕು ಎಷ್ಟು ಹಿಡಿಯುತ್ತದೆ ಎಂಬುದು ನಿಮಗಿಂತ ಹೆಚ್ಚು ಯಾರಿಗೆ ಗೊತ್ತು? ಅದಕ್ಕೂ ಪಾಸಿಂಗ್ ಕೊಟ್ಟವರು ನೀವೇ ಅಲ್ಲವೇ?

ಮಿರಜದ ಆಸ್ಪತ್ರೆಗೆ ನಾನೂ ಮಾಳೇಶನೂ ಹೋದೆವು. ಮಾಳೇಶ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಗಂಗಾರಾಮನೇ ಕರೆದ.

"ಬಾರಲೇ ಒಳಗ. ಬಾಗಿಲಾಗ ನಿಂತರ ನರ್ಸಬಾಯಿ ನಿನಗೂ ಸೂಜಿ ಚುಚ್ಚತಾಳ."

"ಮಾಮಾ, ನನಗ ನೀ ಕಾಣಸಲೇ ಇಲ್ಲ. ಬಡಗಿನೂ ಇಲ್ಲ, ಕುರಿನೂ ಇಲ್ಲ. ಬರೇ ಬೆಳ್ಳಗ."

"ನಾ ಏನ ಸಣ್ಣ ಮನಶ್ಯಾ ಏನಲೇ ಕಾಣದಂಗ? ಲಗಮಣ್ಣಾ, ನೀ ಕೇಳು. ನಾ ಬಡಗಿ ಎತ್ತಿದ್ನಿ. ಆ ಕಾರಿನಾಂವ ಡಿಪ್ಪರ ಹೊಡದ. ಪಾಪ, ಛಲೋ ಮನಶ್ಯಾ. ಈಗೀಗ ಕಾರಿನಾವ್ರು ಯಾರ ನಿಲ್ತಾರ? ಅಂವ ದಾಟಸು ಅಂದ, ನಾ ಬಿಟ್ನಿ. ಹರೇದಾಗಿಂದ ಕತ್ತಲದಾಗ ಕುರಿ ದಾಟಿಸೇನಿ, ಏನೂ ಆಗಲಿಲ್ಲ. ಬೆಳಕಿನಾಗ ಕಾಲ ಮುರಕೊಂಡ್ನಿ ನೋಡು."

ಅವನ ಹೆಂಡತಿ ಸತ್ತೆವ್ವ ಮಾಳೇಶನ ಕೈಗೆ ಚಹಾದ ಬಸಿ ಕೊಟ್ಟು ಅಂದಳು, "ಕುಡಿ. ಕಂಡಿದ್ರ ನೀ ನಿಂದರಿಸಾಂವನ ಇದ್ದಿ. ಆ ಬೆಳಕ ನೋಡಾಕ ಬಿಡಲಿಲ್ಲ."

ಸಾಹೇಬರೇ, ನಿಮ್ಮ ವರದಿ ಒಂದು ಪುಟ ತುಂಬಾ ಇದೆ. ಸತ್ತೆವ್ವನ ವರದಿ ಆ ಕೊನೆಯ ಮಾತಿನಲ್ಲಿ ಮುಗಿಯಿತು. ಪೆಟ್ಟು ತಿಂದವನೂ ಅವನ ಹೆಂಡತಿಯೂ ದೂರಿಲ್ಲ ಎನ್ನುವ ಹುಡುಗನ ಮೇಲೆ ನಿಮಗೆ ದೂರಿದೆ. ಅವನು ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು ಕಿಸೆಯ ಅಂದಕ್ಕಲ್ಲ. ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗಿದೆ, ಕುರಿ ಕಾಯುವುದು ಬೇಡವೆಂದು ಸ್ಟಿಯರಿಂಗ್ ಹಿಡಿದವನು. ಆ ಕಾಗದವೊಂದು ಹೋದರೆ ಅವನು ನಾಳೆ ಯಾರ ಗಾಡಿಯ ಮೇಲೆ ಕೂರಬೇಕು? ನಾನೇ ಕೂರಿಸಿಕೊಳ್ಳಲಾರೆ. ನಿಮ್ಮ ಕಾನೂನು ಬಿಡುವುದಿಲ್ಲ.

ಈಗ ಆ ಬಿಳಿ ದೀಪದ ವಿಷಯಕ್ಕೆ ಬರುತ್ತೇನೆ. ಅದು ಆಕಾಶದಿಂದ ಇಳಿದದ್ದೂ ಅಲ್ಲ, ಬಹಳ ಸಲ ಕಂಪನಿಯಿಂದ ಬಂದದ್ದೂ ಅಲ್ಲ. ಕಂಪನಿಯವರೇ ಎಲ್ಇಡಿ ಕೂರಿಸಿ, ಅದಕ್ಕೆ ತಕ್ಕ ಗಾಜು ಮಾಡಿ ಕೊಟ್ಟ ಹೊಸ ಕಾರುಗಳ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ರವಿವಾರ ಮುಂಜಾನೆ ಮನೆಯ ಅಂಗಳದಲ್ಲಿ ಹುಟ್ಟುವ ಬಿಳಿ ದೀಪದ ಮೇಲೆ. ಅದು ಹೇಗೆ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಹಳೆಯ ಕಾರಿನಲ್ಲೂ ಹಾಗೇ ಹುಟ್ಟಿತು.

ನಮ್ಮ ಓಣಿಯ ಶ್ರೇಣಿಕ ಕಾಳಿನ ವ್ಯಾಪಾರಿ, ಮೊಬೈಲ್ ನೋಡಿ ಏನನ್ನಾದರೂ ಬಿಚ್ಚಿ ಕೂಡಿಸುವ ಹುಚ್ಚಿನವನು. ನನ್ನ ಕಾರಿನ ಹಳದಿ ದೀಪ ನೋಡಿ ದಿನಾ ಕಾಡುತ್ತಿದ್ದ. "ಅಣ್ಣಾರ, ನಿಮ್ಮ ಗಾಡಿ ಬರೂದ ನೋಡಿದ್ರ ಯಾರೋ ಚಿಮಣಿ ಹಿಡಕೊಂಡ ಎಮ್ಮಿ ಹುಡಕಾಕ ಬಂದಂಗ ಕಾಣತೈತಿ." ನಾನು ನಕ್ಕೆ. ಆದರೆ ಎದುರಿಗೆ ಬರುವ ಬಿಳಿ ದೀಪಗಳಿಗೆ ನನ್ನ ಕಣ್ಣು ದಿನದಿಂದ ದಿನಕ್ಕೆ ಸೋಲುತ್ತಿತ್ತು. ಅವರ ಬೆಳಕಿನ ಎದುರು ನನ್ನ ಬೆಳಕು ಕಾಣುವುದೇ ಇಲ್ಲವಲ್ಲ, ನಾನೂ ಬಿಳಿ ಹಾಕಿದರೆ ಸರಿಹೋಗುತ್ತದೆ ಅನಿಸಿತು. ಎದುರಿನವನೂ ಹಾಗೇ ಅಂದುಕೊಂಡು ಹಾಕಿದ್ದ ಎಂಬುದು ಆಗ ಹೊಳೆಯಲಿಲ್ಲ. ಬೆಳಕಿನಿಂದ ತಪ್ಪಿಸಿಕೊಳ್ಳಲು ಇನ್ನಷ್ಟು ಬೆಳಕು ಕೊಳ್ಳುವ ಈ ಪೇಟೆಯಲ್ಲಿ ಎಲ್ಲರೂ ಗಿರಾಕಿಗಳೇ.

ಕೆಲಸ ಸಲೀಸು. ಬಾನೆಟ್ ಎತ್ತಿ, ದೀಪದ ಬೆನ್ನಿನ ರಬ್ಬರ್ ಟೋಪಿ ಕಿತ್ತು, ತಂತಿಯ ಕ್ಲಿಪ್ಪು ಸರಿಸಿದರೆ ಹಳೆಯ ಬಲ್ಬು ಕೈಗೆ ಬರುತ್ತದೆ. ಅದರ ಗಾಜಿನೊಳಗೆ ಎರಡು ತಂತಿ, ಒಂದು ಎತ್ತರದ ಬೆಳಕಿಗೆ, ಒಂದು ತಗ್ಗಿನ ಬೆಳಕಿಗೆ. ತಗ್ಗಿನ ತಂತಿಯ ಅಡಿಗೆ ಉಗುರಿನಷ್ಟು ದೊಡ್ಡ ಒಂದು ತಗಡಿನ ಬಟ್ಟಲಿದೆ. ಶ್ರೇಣಿಕನ ಮೊಬೈಲಿನಲ್ಲಿ ಅದರ ಕೆಲಸ ಏನೆಂದು ತೋರಿಸಿದರು: ಅಡ್ಡಾದಿಡ್ಡಿ ಹೋಗುವ ಬೆಳಕನ್ನು ಹಿಡಿದು, ಎದುರಿನವನ ಕಣ್ಣಿಗೆ ಏರದಂತೆ ರಸ್ತೆಗೆ ಇಳಿಸುವುದು. ನಾನು ಆ ಬಟ್ಟಲನ್ನು ಬಿಸಿಲಿಗೆ ಹಿಡಿದು ನೋಡಿದ್ದೆ. ಇಡೀ ಗಾಡಿಯಲ್ಲಿ ಕುರ್ಚಿ, ಗಾಳಿ, ಹಾಡು ಎಲ್ಲ ನಮ್ಮ ಸುಖಕ್ಕೆ. ಹಾರ್ನು ಎದುರಿನವನನ್ನು ಓಡಿಸುವುದಕ್ಕೆ. ಗುರುತಿಲ್ಲದ ಎದುರಿನವನನ್ನು ಕಾಯುವುದಕ್ಕೆಂದು ಯಾರೋ ಪುಣ್ಯಾತ್ಮ ಇಟ್ಟದ್ದು ಆ ಉಗುರಿನಷ್ಟು ತಗಡು. ಎಲ್ಇಡಿ ಹಾಕುವಾಗ ನಾವು ಕಿತ್ತು ಬಿಸಾಡುವುದು ಅದನ್ನೇ.

ಹೊಸ ಬಲ್ಬಿನ ಬೆನ್ನಿಗೆ ಒಂದು ಪುಟ್ಟ ಫ್ಯಾನಿರುತ್ತದೆ. ಅದಕ್ಕೆ ರಬ್ಬರ್ ಟೋಪಿ ಕೂರುವುದಿಲ್ಲ, ಶ್ರೇಣಿಕ ಬ್ಲೇಡಿನಿಂದ ತೂತು ಕೊರೆದ. ಕ್ಲಿಪ್ಪು ಸರಿಯಾಗಿ ಹಿಡಿಯಲಿಲ್ಲ, ಒತ್ತಿ ಕೂರಿಸಿದ. ಬಲ್ಬು ಯಾವ ಮುಖಕ್ಕೆ ನಿಂತರೆ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಲಿಲ್ಲ. ಹೊತ್ತು ಮುಳುಗಿದ ಮೇಲೆ ಹತ್ತಿಸಿದೆವು. ಎದುರಿನ ಮನೆಯ ಸುಣ್ಣದ ಗೋಡೆ ತಳದಿಂದ ಮಾಳಿಗೆಯವರೆಗೆ ಬೆಳಗಿತು. ಓಣಿಯ ಮಂದಿ ಹೊರಗೆ ಬಂದು "ಭಾರೀ ಆತ ನೋಡ್ರಿ!" ಎಂದರು. ಗೋಡೆ ಪೂರ್ತಿ ಬೆಳಗಿದರೆ ಬಲ್ಬು ಚೊಲೋ ಎಂದು ನಾವೆಲ್ಲ ಲೆಕ್ಕ ಹಾಕಿದ್ದು. ಗೋಡೆಯ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಅವನ ಕಣ್ಣು ಎಷ್ಟು ಎತ್ತರಕ್ಕೆ ಇರುತ್ತಿತ್ತು ಎಂದು ಅಲ್ಲಿ ನೆರೆದವರಲ್ಲಿ ಒಬ್ಬರೂ ಕೇಳಲಿಲ್ಲ.

ನಾವು ಕೇಳಲಿಲ್ಲ, ಸರಿ. ನಮಗೆ ಸಂಬಳವಿಲ್ಲ. ಕೇಳುವುದಕ್ಕೆಂದೇ ಸಂಬಳ ಇರುವವರು ಏನು ಮಾಡಿದಿರಿ?

ನನ್ನ ಕಾರಿಗೆ ವಯಸ್ಸಾಯಿತೆಂದು ಮರುನೋಂದಣಿಗಾಗಿ ತಪಾಸಣೆಗೆ ತರಬೇಕಾಯಿತು. ಬಿಳಿ ಬಲ್ಬು ನೋಡಿದರೆ ಸಾಹೇಬರು ಬಿಡುವುದಿಲ್ಲ ಎಂದು ಏಜೆಂಟ ಹೆದರಿಸಿದ. ಹಳೆಯವನ್ನು ನಾನು ಎಸೆದಾಗಿತ್ತು. "ಅದಕ್ಯಾಕ ಚಿಂತಿ?" ಎಂದು ನಿಮ್ಮ ಕಂಪೌಂಡಿನ ಹೊರಗಿನ ಕಾಮಣ್ಣನ ಚಹಾದ ಅಂಗಡಿ ತೋರಿಸಿದ. ಕಾಮಣ್ಣ ಬಿಸ್ಕೀಟಿನ ಡಬ್ಬಿಯಿಂದ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದ ಒಂದು ಜೋಡಿ ಹಳದಿ ಬಲ್ಬು ತೆಗೆದ. ತೊಟ್ಟಿಲಿನಿಂದ ಕೂಸು ಎತ್ತಿದ ಹಾಗೆ.

"ಗಾಜಿಗಿ ಬೆರಳ ಮುಟ್ಟಸಬ್ಯಾಡ್ರಿ ಸಾವಕಾರ್ರ. ಪಾಸಾದ ಮ್ಯಾಲ ತಂದ ಕೊಟ್ಟ ಹೋಗ್ರಿ, ಹಿಂದ ಪಾಳಿ ಐತಿ."

"ಪಾಸಾಗತಾವೇನು ಇವು?"

"ಏನ್ ಕೇಳತೀರಿ? ಇವು ಒಮ್ಮಿನೂ ಫೇಲ್ ಆಗಿಲ್ಲ. ಈ ಸುತ್ತಿನ ಟಂಟಂ, ಟೆಂಪೋ, ಟ್ಯಾಂಕರ್ ಎಲ್ಲಾ ಇವ ಪಾಸ್ ಮಾಡಿಸ್ಯಾವ."

ಬಾಡಿಗೆಯೆಂದು ಅವನು ಏನೂ ಕೇಳಲಿಲ್ಲ, ಚಹಾ ಕುಡಿದರೆ ಸಾಕು. ನೆರಳಿನಲ್ಲಿ ನಿಲ್ಲಿಸಿ ಬಲ್ಬು ಬದಲಿಸಿಕೊಂಡು, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಮ್ಮ ಅಂಗಳಕ್ಕೆ ಬಂದೆ. ನಿಮ್ಮವರು "ಲೈಟ್ ಹಚ್ಚರಿ" ಅಂದರು, ಹಚ್ಚಿದೆ. ಆ ಬಿಸಿಲಿನಲ್ಲಿ ನನಗೇ ಹತ್ತಿತೋ ಇಲ್ಲವೋ ಗೊತ್ತಾಗಲಿಲ್ಲ. "ಹಾಂ, ಆತು" ಅಂದರು. ಆಯಿತು. ಹೊರಗೆ ಬಂದು ಜೋಡಿಯನ್ನು ಕಾಮಣ್ಣನಿಗೆ ಮರಳಿಸುವಾಗ ಒಂದು ಟೆಂಪೋದವನು ಕೈ ಚಾಚಿ ನಿಂತಿದ್ದ.

ಆಗ ನಕ್ಕಿದ್ದೆ. ಊರಿಗೆ ಬಂದು ಕಥೆಯನ್ನೂ ಹೇಳಿದ್ದೆ. ಈಗ ನಗು ಬರುವುದಿಲ್ಲ. ನಿಮ್ಮ ದಾಖಲೆಯ ಪ್ರಕಾರ ಈ ತಾಲೂಕುಗಳ ಗಾಡಿಗಳೆಲ್ಲ ಹಳದಿ ದೀಪದ ಸಜ್ಜನರು. ನಿಜ ಹೇಳಬೇಕೆಂದರೆ ನೀವು ಇಲ್ಲಿಯವರೆಗೆ ಪಾಸ್ ಮಾಡಿದ್ದು ಒಂದು ಜೋಡಿ ಬಲ್ಬನ್ನು, ಮತ್ತೆ ಮತ್ತೆ, ಬೇರೆ ಬೇರೆ ನಂಬರಿನ ಹೆಸರಿನಲ್ಲಿ. ಅದೇ ಜೋಡಿಯನ್ನು ಗುರುತಿಸುವಷ್ಟು ಸಲವಾದರೂ ನೋಡಿದ್ದೀರಲ್ಲ, ಒಮ್ಮೆಯೂ 'ಎಲ್ಲೋ ನೋಡಿದ ಮುಖ' ಅನಿಸಲಿಲ್ಲವೇ? ದೀಪವನ್ನು ಬಿಸಿಲಿನಲ್ಲಿ ಪರೀಕ್ಷಿಸುವುದು ಯಾವ ಊರಿನ ನ್ಯಾಯ? ಛತ್ರಿಯನ್ನು ನೀವು ಬೇಸಿಗೆಯ ಅಂಗಳದಲ್ಲಿ ಬಿಚ್ಚಿ ನೋಡಿ ಮಳೆಗೆ ಯೋಗ್ಯ ಎಂದು ಬರೆದುಕೊಡುತ್ತೀರಾ? ಹಿಂದೆ ಲಾರಿಗಳ ದೀಪದ ಮೇಲೆ ಕರಿಯ ಬಣ್ಣದ ಒಂದು ಬೊಟ್ಟು ಇಡಿಸುತ್ತಿದ್ದರು. ಅಷ್ಟಾದರೂ ಎದುರಿನವನ ನೆನಪು ಇತ್ತು. ಈಗ ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹದಲ್ಲಿ ನೀವು ನಮ್ಮ ಕೈಗೆ ಗುಲಾಬಿ ಹೂ ಕೊಡುತ್ತೀರಿ. ಹೂವಿಗೆ ನಮಸ್ಕಾರ. ಆಸ್ಪತ್ರೆಗೆ ಹೋಗುವಾಗ ಕೈ ಬೀಸಿಕೊಂಡು ಹೋಗುವುದು ತಪ್ಪಿತು.

ಕಾಮಣ್ಣನ ಮೇಲೆ ದಾಳಿ ಮಾಡಬೇಡಿ, ಕೈ ಮುಗಿಯುತ್ತೇನೆ. ನಿಮ್ಮ ಇಲಾಖೆಯಲ್ಲಿ ಬಲ್ಬನ್ನು ಕಾಳಜಿಯಿಂದ ನೋಡಿಕೊಂಡವನು ಅವನೊಬ್ಬನೇ, ಅವನೂ ಕಂಪೌಂಡಿನ ಹೊರಗಿನವನು.

ಆಸ್ಪತ್ರೆಯಿಂದ ಬಂದ ಮೇಲೆ ಗಂಗಾರಾಮನ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಡಿಪ್ಪರ್ ಹೊಡೆದು ದಾರಿ ಕೊಟ್ಟಷ್ಟು ಒಳ್ಳೆಯವನು ಹಿಂದೆಯೇ ನಿಲ್ಲದೆ ಯಾಕೆ ಓಡಿಹೋದ? ಲೆಕ್ಕ ಹೊಂದಲಿಲ್ಲ. ಒಂದು ಸಂಜೆ ಶ್ರೇಣಿಕನನ್ನು ಕರೆದು, ನನ್ನ ಕಾರನ್ನು ಜುಗೂಳದ ಕಡೆಯಿಂದ ಮೋರಿಯ ಮೇಲೆ ಹಾಯಿಸಿಕೊಂಡು ಬಾ ಎಂದೆ. ಗಂಗಾರಾಮ ನಿಂತಿದ್ದ ಜಾಗದಲ್ಲಿ ನಾನು ನಿಂತೆ. ಉಳಿದ ಕುರಿ ಹೊಡೆದುಕೊಂಡು ಬರುತ್ತಿದ್ದ ಸತ್ತೆವ್ವನೂ ಹಿಂಡನ್ನು ಹೊಲದಲ್ಲೇ ತಡೆದು, ಗಂಡನ ಬಡಿಗೆ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತಳು.

ಕಾರು ಬಂತು. ಮೊದಲು ರಸ್ತೆ ಹೋಯಿತು, ಆಮೇಲೆ ಕಬ್ಬು ಹೋಯಿತು, ಆಮೇಲೆ ಕಣ್ಣಿಗೆ ಅಡ್ಡ ಹಿಡಿದ ನನ್ನ ಕೈಯೂ ಹೋಯಿತು. ಬೆಳಕಿನೊಳಗೆ ಕುರುಡಾಗುವುದು ಕತ್ತಲೆಯಂತೆ ಅಲ್ಲ ಸಾಹೇಬರೇ. ಕತ್ತಲೆಯಲ್ಲಿ ಕಣ್ಣು ಹುಡುಕುತ್ತದೆ. ಇಲ್ಲಿ ಹುಡುಕುವುದನ್ನೂ ಬಿಟ್ಟುಬಿಡುತ್ತದೆ. ಕಾರು ಮೋರಿಯ ಮೇಲೆ ಎಗರಿದಾಗ ದೀಪ ಒಮ್ಮೆ ಮಿಟುಕಿತು.

"ನೋಡ್ರಿ ಯಣ್ಣಾ, ಡಿಪ್ಪರ ಹೊಡದ! ದಾಟ ಅಂದ!" ಎಂದಳು ಸತ್ತೆವ್ವ.

ಶ್ರೇಣಿಕ ಇಳಿದು ಬಂದು, "ನಾ ಎಲ್ಲಿ ಹೊಡದೆ? ಡಿಪ್ಪರಿಗಿ ಕೈನ ಹಚ್ಚಿಲ್ಲ" ಎಂದ.

ಮತ್ತೊಮ್ಮೆ ಹಾಯಿಸಿದ. ಮೋರಿಯ ಮೇಲೆ ಮತ್ತೆ ಮಿಟುಕಿತು. ಬಾನೆಟ್ ಎತ್ತಿ ನೋಡಿದರೆ ಬಲ್ಬು ತನ್ನ ಮನೆಯಲ್ಲಿ ಲಟಪಟ ಅಲುಗುತ್ತಿತ್ತು. ಫ್ಯಾನಿನ ಭಾರಕ್ಕೆ ಕ್ಲಿಪ್ಪು ಸಡಿಲಾಗಿ, ಎಗರಿದಾಗ ತಂತಿ ಬಿಟ್ಟು ಹಿಡಿಯುತ್ತಿತ್ತು. ಶ್ರೇಣಿಕ ಬೆರಳಿನಿಂದ ಅಲುಗಿಸಿದ, ದೀಪ ಮಿಟುಕಿತು. ಯಾರೂ ಕೊಡದ ಮಾತನ್ನು ದೀಪ ತಾನೇ ಕೊಡುತ್ತಿತ್ತು.

ಸತ್ತೆವ್ವ ತಾನೂ ಒಮ್ಮೆ ಬಲ್ಬನ್ನು ಅಲುಗಿಸಿ ನೋಡಿದಳು. "ಅಂದ್ರ ಆ ಕಾರಿನಾಂವ ಅವರನ್ನ ನೋಡೇ ಇರಲಿಲ್ಲೇನ?"

"ಗೊತ್ತಿಲ್ಲವ್ವಾ. ಇರಲಿಕ್ಕಿಲ್ಲ."

"ಇನ್ನೂ ಅಂತಾರ ನೋಡ್ರಿ ಅವರು, ಛಲೋ ಮನಶ್ಯಾ, ದಾರಿ ಕೊಟ್ಟ ಅಂತ. ಅವರ ಮುಂದ ಹೇಳಬ್ಯಾಡ್ರಿ ಯಣ್ಣಾ. ಅಷ್ಟರ ಇರಲಿ."

ಗಂಗಾರಾಮನಿಗೆ ಓದಲು ಬರುವುದಿಲ್ಲ. ಈ ಪತ್ರವನ್ನು ಅವನಿಗೆ ಯಾರಾದರೂ ಓದಿ ಹೇಳುವುದಾದರೆ, ಆಸ್ಪತ್ರೆಯಿಂದ ಬಂದ ಮೇಲಿನ ಈ ಭಾಗವನ್ನು ಬಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಕಾರಿನಲ್ಲೂ ಹೀಗೇ ಆಯಿತೆಂದು ನಾನು ಆಣೆ ಮಾಡಲಾರೆ. ಅದು ನನ್ನ ಕಾರಲ್ಲ, ಆ ಹೊತ್ತಿಗೆ ನನ್ನದು ಮನೆಯ ಮುಂದೆ ನಿಂತಿತ್ತು. ಆದರೆ ಅದು ನನ್ನದಾಗದೆ ಹೋದದ್ದು ನನ್ನ ಜಾಣತನದಿಂದಲ್ಲ. ಆ ಕಾರಿನ ಕಾಗದಪತ್ರಗಳೆಲ್ಲ ಸರಿಯಾಗಿಯೇ ಇರುತ್ತವೆ, ನನ್ನವೂ ಇವೆ. ಈ ಪ್ರಕರಣದಲ್ಲಿ ಕಂಪನಿಯ ಹಳದಿ ಬಲ್ಬಿನಲ್ಲೇ ಓಡುತ್ತಿದ್ದ ಗಾಡಿ ಮಾಳೇಶನದೊಂದೇ. ನೋಟೀಸು ಬಂದದ್ದೂ ಅವನೊಬ್ಬನಿಗೇ. ಇದನ್ನು ನಿಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ, ನಮ್ಮ ಅಂಗಡಿಯಲ್ಲಿ ಒಬ್ಬರ ಉದ್ರಿಯನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಎನ್ನುತ್ತೇವೆ.

ಮರುದಿನ ಕಾಮಣ್ಣನ ಹತ್ತಿರ ಹೋಗಿ ಆ ಜೋಡಿಯನ್ನು ಖರೀದಿಗೇ ಕೇಳಿದೆ. ಅವನು ಡಬ್ಬಿಯ ಮೇಲೆ ಕೈ ಇಟ್ಟುಕೊಂಡ. "ಇವು ಮಾರೋವಲ್ಲರೀ ಸಾವಕಾರ್ರ. ನಾಳೆ ಪಾಸಿಂಗಿಗಿ ಬರಾವ್ರಿಗಿ ನಾ ಏನ ಕೊಡ್ಲಿ?" "ಚಾ ಕೊಡು" ಎಂದೆ. ಗಂಗಾರಾಮನ ಕಥೆ ಹೇಳಿದೆ. ಅವನು ಡಬ್ಬಿ ತೆರೆದು, ಬಟ್ಟೆಯ ಸಮೇತ ಜೋಡಿಯನ್ನು ನನ್ನ ಕೈಗೆ ಹಾಕಿದ. ಅವು ಈಗ ನನ್ನ ಕಾರಿನಲ್ಲಿವೆ. ಅಷ್ಟು ಸಲ ಉರಿದಿದ್ದರೂ ಅವು ಒಂದು ಸಂಜೆಯನ್ನೂ ನೋಡಿರಲಿಲ್ಲ. ನಿಮ್ಮ ಅಂಗಳದ ಬಿಸಿಲು ಬಿಟ್ಟರೆ ಅವುಗಳಿಗೆ ಲೋಕವೇ ಗೊತ್ತಿರಲಿಲ್ಲ.

ಮೊನ್ನೆ ಅವುಗಳನ್ನು ಹಚ್ಚಿಕೊಂಡು ಅದೇ ರಸ್ತೆಯಲ್ಲಿ ಹೊರಟಿದ್ದೆ. ಮೋರಿಯ ಆಚೆ ಸತ್ತೆವ್ವ ಹಿಂಡಿನ ಮುಂದೆ ನಿಂತು ಬಡಿಗೆ ಎತ್ತಿದಳು, ತುದಿಗೆ ಕಂಬಳಿ. ನಾನು ಡಿಪ್ಪರ್ ಹೊಡೆದು ದೀಪ ತಗ್ಗಿಸಿದೆ. ಅವಳು ದಾಟಿಸಲಿಲ್ಲ. ಇನ್ನೊಮ್ಮೆ ಹೊಡೆದೆ. ಬಡಿಗೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಕಡೆಗೆ ಗಾಡಿ ನಿಲ್ಲಿಸಿ, ದೀಪ ಆರಿಸಿ, ಕೆಳಗಿಳಿದು, "ಸತ್ತೆವ್ವಾ, ನಾನಬೇ, ಲಗಮಣ್ಣ, ದಾಟಸು!" ಎಂದು ಕೂಗಿದೆ. ಆಗ ದಾಟಿಸಿದಳು. ಕುರಿಗಳು ನನ್ನ ಕಾಲಿಗೆ ಮೈ ಉಜ್ಜಿಕೊಂಡು ಹೋದವು. ಹಿಂದಿನ ಗಾಡಿಯವನು ಹಾರ್ನು ಹೊಡೆಯುತ್ತಿದ್ದ.

ಆ ಡಿಪ್ಪರಿನ ಮಾತನ್ನು ನೀವು ಮರಳಿ ಕೊಡಲಾರಿರಿ, ಅದು ನಿಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ನಿಮ್ಮ ಕೈಯಲ್ಲಿರುವುದು ಮಾಳೇಶನ ಲೈಸೆನ್ಸು, ನಿಮ್ಮ ಅಂಗಳ, ಮತ್ತು ಆ ಒಂದು ವಾಕ್ಯ. ದೀಪದ ಪರೀಕ್ಷೆಯನ್ನು ಹೊತ್ತು ಮುಳುಗಿದ ಮೇಲೆ ಮಾಡಿ, ಇಲ್ಲವೇ ಕತ್ತಲೆ ಮಾಡಿದ ಒಂದು ಶೆಡ್ಡಿನಲ್ಲಿ ಗೋಡೆಗೆ ಗೆರೆ ಹಾಕಿ ಮಾಡಿ. ಬೆಳಕು ಗೆರೆ ದಾಟಿದರೆ ಗಾಡಿ ಗೇಟು ದಾಟಬಾರದು. ಅದಕ್ಕೂ ಮೊದಲು, ಸೋಮವಾರದ ವಿಚಾರಣೆಗೆ ಮುಂಚಿನ ಯಾವುದಾದರೂ ಒಂದು ಸಂಜೆ ಈ ಮೋರಿಗೆ ಬನ್ನಿ. ಶ್ರೇಣಿಕ ಆ ಬಿಳಿ ಬಲ್ಬುಗಳನ್ನು ತೆಗೆದಿಟ್ಟಿದ್ದಾನೆ, ನಿಮಗಾಗಿ ಮತ್ತೆ ಕೂರಿಸುತ್ತಾನೆ. ನೀವು ಗಂಗಾರಾಮ ನಿಂತ ಜಾಗದಲ್ಲಿ ನಿಂತುಕೊಳ್ಳಿ. ಕೈಯಲ್ಲಿ ನಿಮ್ಮದೇ ನೋಟೀಸು ಹಿಡಿದುಕೊಳ್ಳಿ. ಕಾರು ನಿಮ್ಮೆದುರಿಗೆ ಬರುವಾಗ ಅದರಲ್ಲಿನ 'ಸಾಕಷ್ಟು ಬೆಳಕಿದ್ದಾಗ್ಯೂ' ಎಂಬ ಸಾಲನ್ನು ಗಟ್ಟಿಯಾಗಿ ಓದಿ. ಓದಲು ಕಂಡರೆ ಮಾಳೇಶನ ಲೈಸೆನ್ಸು ಇಟ್ಟುಕೊಳ್ಳಿ, ನಾನೇ ತಂದು ಕೊಡುತ್ತೇನೆ. ಕಾಣದಿದ್ದರೆ ಆ ಸಾಲನ್ನು ಅಲ್ಲೇ, ಸತ್ತೆವ್ವನ ಎದುರಿಗೆ ಹೊಡೆದುಹಾಕಿ ಸಹಿ ಮಾಡಿ. ಪೆನ್ನು ನಾನು ತರುತ್ತೇನೆ.

ಇಂತಿ,
ಡಿಪ್ಪರಿಗೆ ಬೆಲೆ ಉಳಿಯದ್ದರಿಂದ ರಸ್ತೆಗಿಳಿದು ತನ್ನ ಹೆಸರನ್ನು ತಾನೇ ಕೂಗಬೇಕಾಗಿ ಬಂದ
ಲಗಮಣ್ಣ
ಹಿಂಡಿ, ಬೂಸಾ ವ್ಯಾಪಾರಿ, ಐನಾಪುರ